ಕವಿಗೆ ಸಲ್ಲದ ಅಭಿಮಾನ

ದೀಪಾವಳಿ ಕಳೆದು ಪತ್ತನಾಜೆ ಬರುವ ತನಕ ಉಡುಪಿ ಕಾರ್ಕಳಗಳ ಸೀಮೆಯಲ್ಲಿ ಚೆಂಡೆಯ ಸದ್ದು ಕೇಳದ ಇರುಳು ವಿರಳ. ನಿಟ್ಟೆ, ಬೆಳ್ಮಣ್ಣು, ನಂದಳಿಕೆಗಳ ಕಡೆಯಲ್ಲಿ ಒಂದು ಬಯಲಾಟವೆಂದರೆ ಎಂಟು ದಿನ ಮೊದಲೇ ರಸ್ತೆಯ ಬದಿಯಲ್ಲಿ ಆಳೆತ್ತರದ ಪಟಗಳು ಏಳುತ್ತವೆ. ಆ ಪಟಗಳಲ್ಲಿ ಭಾಗವತರ ಮುಖವಿದೆ. ಮುಖ್ಯ ವೇಷಧಾರಿಗಳ ಮುಖವಿದೆ. ಆಟವಾಡಿಸುವ ಸೇವಾಕರ್ತರ ಮುಖವಿದೆ. ಅವರಿಗೆಲ್ಲ ಶುಭ ಕೋರುವ ಇನ್ನಷ್ಟು ಮಹನೀಯರ ಮುಖಗಳು ಕೈಜೋಡಿಸಿಕೊಂಡು ಸಾಲುಗಟ್ಟಿವೆ. ಪ್ರಸಂಗದ ಹೆಸರು ದಪ್ಪ ಅಕ್ಷರದಲ್ಲಿದೆ. ಪ್ರಸಂಗವು ಹೊಸತಾದರೆ ಅದನ್ನು ಬರೆದವರ ಹೆಸರು ಮೂಲೆಯಲ್ಲಿ ಎಲ್ಲಿಯಾದರೂ ಕಾಣಿಸುವುದುಂಟು. ಹಳೆಯ ಪೌರಾಣಿಕ ಪ್ರಸಂಗವಾದರೆ ಅದೂ ಇಲ್ಲ. ರಾತ್ರಿಯಿಡೀ ಭಾಗವತರ ಬಾಯಿಂದ ಹೊರಡುವ ಪ್ರತಿಯೊಂದು ಪದ್ಯವನ್ನೂ ಯಾವನೋ ಒಬ್ಬನು ಕುಳಿತು ಕಟ್ಟಿದನೆಂಬ ಸಂಗತಿಯೇ ಆ ಪಟ ಬರೆಯಿಸಿದವರಿಗೆ ಹೊಳೆದಂತಿಲ್ಲ.

ಇನ್ನು ಆಟದ ನಡುವೆ ನಡೆಯುವ ಸನ್ಮಾನದ ವಿಷಯ. ಕಥೆಯು ಏರುತ್ತಿರುವ ಹೊತ್ತಿಗೆ ಚೆಂಡೆ ನಿಲ್ಲುತ್ತದೆ. ರಂಗಸ್ಥಳಕ್ಕೆ ಕುರ್ಚಿ ಬರುತ್ತದೆ. ಕಿರೀಟವಿಟ್ಟ ಕಲಾವಿದನೊಬ್ಬನು ಅರ್ಧ ಕರ್ಣನಾಗಿಯೂ ಅರ್ಧ ಅತಿಥಿಯಾಗಿಯೂ ಅದರಲ್ಲಿ ಕುಳಿತುಕೊಳ್ಳಬೇಕಾಗುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಅನಂತರ ಮಾನಪತ್ರದ ವಾಚನ. ಅದರ ಮೇಲೆ ನಾಲ್ವರ ಭಾಷಣ. ಮೇಳಗಳೆಷ್ಟೋ ಇಂದು ಕಾಲಮಿತಿಗೆ ಒಳಗಾಗಿ ನಡುರಾತ್ರಿಗೇ ಮಂಗಳ ಹಾಡುತ್ತಿವೆಯಷ್ಟೆ. ಹಾಗಿರುವಾಗ ಈ ಮುಕ್ಕಾಲು ಗಂಟೆಯನ್ನು ಎಲ್ಲಿಂದ ಕಡಿದು ತರುತ್ತಾರೆ? ಪದ್ಯಗಳಿಂದಲೇ. ಇಪ್ಪತ್ತು ಪದ್ಯಗಳ ಸಂವಾದ ಎಂಟಕ್ಕೆ ಇಳಿಯುತ್ತದೆ. ಕಲಾವಿದನ ಮೇಲಿನ ಪ್ರೀತಿಯನ್ನು ತೋರಿಸುವುದಕ್ಕಾಗಿ ಅವನು ಆಡಬೇಕಾದ ಮಾತನ್ನೇ ಅಭಿಮಾನಿಯು ಕಿತ್ತುಕೊಳ್ಳುತ್ತಾನೆ. ಕಿತ್ತುಕೊಂಡು, ಫೋಟೋ ತೆಗೆಸಿಕೊಂಡು, ಕೃತಾರ್ಥನಾಗಿ ಮನೆಗೆ ಹೋಗುತ್ತಾನೆ.

ಅಭಿಮಾನವು ತಪ್ಪೆಂದು ಯಾರೂ ಹೇಳಲಾರರು. ಅಭಿಮಾನಿಗಳಿಲ್ಲದೆ ಯಾವ ಕಲೆಯೂ ಒಂದು ತಲೆಮಾರನ್ನು ದಾಟಿದ್ದಿಲ್ಲ. ಆದರೆ ಈ ಕಾಲದ ಅಭಿಮಾನವು ಮುಖವನ್ನು ಬಲ್ಲುದು, ದನಿಯನ್ನು ಬಲ್ಲುದು. ಮುಖಕ್ಕೂ ದನಿಗೂ ಹಿಂದೆ ನಿಂತ ಬರವಣಿಗೆಯನ್ನು ಅರಿಯದು. ಕಲಾವಿದನು ತೀರಿಕೊಂಡಾಗ ಅದು ಹೊಳೆಯಾಗಿ ಅಳುತ್ತದೆ. ಅವನು ಬಿಟ್ಟುಹೋದ ಕೃತಿಯ ಎದುರಿಗೆ ಅದಕ್ಕೆ ಮಾತೇ ಇಲ್ಲ. ಈ ಮಾತು ಉತ್ಪ್ರೇಕ್ಷೆಯೆಂದು ತೋರುವವರು ನಿಟ್ಟೆಯಿಂದ ಕೆಲವೇ ಮೈಲು ದೂರದ ನಂದಳಿಕೆಯ ಕಡೆಗೊಮ್ಮೆ ನೋಡಬಹುದು.

ನಂದಳಿಕೆಯ ಲಕ್ಷ್ಮೀನಾರಣಪ್ಪನು ಹುಟ್ಟಿದ್ದು 1870ರ ಜನವರಿ 24ರಂದು. ಮನೆಯಲ್ಲಿ ಮುದ್ದಿನಿಂದ ಕರೆದ ಮುದ್ದಣ ಎಂಬ ಹೆಸರೇ ಅವನಿಗೆ ಸಾಹಿತ್ಯದಲ್ಲಿ ನಿಂತಿತು. ಬಡತನದಿಂದ ಓದು ಮುಂದುವರಿಯಲಿಲ್ಲ. ಉಡುಪಿಯ ಶಾಲೆಯಲ್ಲಿ ಅವನಿಗೆ ದೊರೆತದ್ದು ವ್ಯಾಯಾಮದ ಉಪಾಧ್ಯಾಯತ್ವ. ಹಗಲೆಲ್ಲ ಹುಡುಗರಿಗೆ ಕೈಕಾಲು ಆಡಿಸುವುದನ್ನು ಕಲಿಸಿ, ಉಳಿದ ಹೊತ್ತಿನಲ್ಲಿ ಹಳಗನ್ನಡದ ಗ್ರಂಥಗಳನ್ನು ಓದಿ, ಕ್ಷಯರೋಗವು ತನ್ನನ್ನು ತಿನ್ನುತ್ತಿರುವಾಗಲೂ ಬರೆದು, 1901ರ ಫೆಬ್ರವರಿಯಲ್ಲಿ ಅವನು ಕಣ್ಣು ಮುಚ್ಚಿದನು. ವಯಸ್ಸು ಮೂವತ್ತೊಂದು. ಬಿಟ್ಟುಹೋದದ್ದು ಗದ್ಯದಲ್ಲಿ ‘ಅದ್ಭುತ ರಾಮಾಯಣ’ ಮತ್ತು ‘ಶ್ರೀ ರಾಮಾಶ್ವಮೇಧ’, ವಾರ್ಧಕ ಷಟ್ಪದಿಯಲ್ಲಿ ‘ಶ್ರೀರಾಮ ಪಟ್ಟಾಭಿಷೇಕ’. ಇವುಗಳ ಜೊತೆಗೆ ‘ರತ್ನಾವತಿ ಕಲ್ಯಾಣ’, ‘ಕುಮಾರವಿಜಯ’ ಎಂಬ ಎರಡು ಯಕ್ಷಗಾನ ಪ್ರಸಂಗಗಳು.

ಈ ಎರಡು ಪ್ರಸಂಗಗಳು ಇಂದಿಗೂ ರಂಗವೇರುತ್ತವೆ. ಶಾಲೆಯಲ್ಲಿ ಮುದ್ದಣ ಮನೋರಮೆಯರ ಸಲ್ಲಾಪವನ್ನು ಬಾಯಿಪಾಠ ಮಾಡಿದವರು ‘ಕುಮಾರವಿಜಯ’ದ ಆಟವನ್ನು ನೋಡಿಯೂ, ಎರಡೂ ಒಂದೇ ಲೇಖನಿಯಿಂದ ಬಂದವುಗಳೆಂದು ತಿಳಿಯದೆ ಎದ್ದುಹೋಗುತ್ತಾರೆ. ಆಟದ ಆರಂಭದಲ್ಲಿ ಧ್ವನಿವರ್ಧಕದ ಮುಂದೆ ನಿಂತು ಊರ ಗಣ್ಯರ ಹೆಸರುಗಳನ್ನೆಲ್ಲ ಬಿರುದಿನೊಡನೆ ಓದುವವರು, ಆ ಊರಿನ ಮಗ್ಗುಲಲ್ಲಿಯೇ ಹುಟ್ಟಿದವನ ಹೆಸರನ್ನು ಓದುವುದಿಲ್ಲ.

ಈ ಆಕ್ಷೇಪಕ್ಕೆ ಒಂದು ಸಿದ್ಧವಾದ ಉತ್ತರವಿದೆ. ಮುದ್ದಣನಿಗೇ ಹೆಸರು ಬೇಡವಾಗಿತ್ತು. ಮೈಸೂರಿನಿಂದ ಹೊರಡುತ್ತಿದ್ದ ‘ಕಾವ್ಯಮಂಜರಿ’ ಮಾಸಪತ್ರಿಕೆಗೆ ತನ್ನ ಕೃತಿಗಳನ್ನು ಕಳುಹಿಸುವಾಗ ಅವುಗಳು ಯಾರೋ ಪ್ರಾಚೀನರ ಗ್ರಂಥಗಳು, ತನ್ನ ಕೈಗೆ ಸಿಕ್ಕಿದ ಹಳೆಯ ಪ್ರತಿಗಳು ಎಂಬಂತೆ ಕಳುಹಿಸಿದನು. ತಾನೇ ಮರೆಯಾಗಿ ನಿಂತವನನ್ನು ನೂರು ವರ್ಷಗಳಾದ ಮೇಲೆ ಬೆಳಕಿಗೆ ಎಳೆಯುವುದೇಕೆ? ಈ ಮಾತನ್ನು ಹೇಳುವವರು ವಿನಯವೆಂಬ ಗುಣವನ್ನು ಕೊಂಡಾಡುವಂತೆ ತಲೆದೂಗುತ್ತಾರೆ. ಬಡವನು ಊಟದ ಪಂಕ್ತಿಯಿಂದ ದೂರ ನಿಂತರೆ ಅದನ್ನು ಉಪವಾಸವ್ರತವೆಂದು ಹೊಗಳುವ ಜನರಿದ್ದಾರಲ್ಲವೆ, ಅಂಥ ತಲೆದೂಗು ಇದು.

ಮುದ್ದಣನು ಹೆಸರು ಮರೆಸಿದ್ದು ವಿನಯದಿಂದಲ್ಲ, ಭಯದಿಂದ; ಆ ಭಯಕ್ಕೆ ಕಾರಣರು ಓದುಗರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕನ್ನಡದ ವಿದ್ವಜ್ಜನರು ಹಳೆಯ ಓಲೆಗರಿಗಳನ್ನು ಹುಡುಕಿ ಅಚ್ಚು ಹಾಕಿಸುತ್ತಿದ್ದ ಕಾಲ. ಅದು ಮಹತ್ತಾದ ಕಾರ್ಯವೇ ಸರಿ. ಆದರೆ ಆ ಉತ್ಸಾಹದ ನೆರಳಿನಲ್ಲಿ ಒಂದು ಭಾವನೆ ಬೇರೂರಿತ್ತು: ಸತ್ತವನೇ ಕವಿ, ಬದುಕಿರುವವನು ಹೆಚ್ಚೆಂದರೆ ಸಂಪಾದಕ. ಮದರಾಸು ಆಧಿಪತ್ಯದ ಒಂದು ಮೂಲೆಯ ಜಿಲ್ಲೆಯಲ್ಲಿ ಡ್ರಿಲ್ಲು ಕಲಿಸುವ ಯುವಕನೊಬ್ಬನು ಹಳಗನ್ನಡದ ಗದ್ಯದಲ್ಲಿ ಇಂಥದೊಂದು ಕೃತಿ ರಚಿಸಿದ್ದೇನೆಂದರೆ ಅದನ್ನು ಬಿಚ್ಚಿ ನೋಡುವವರಾದರೂ ಯಾರು? ತನ್ನನ್ನು ತಾನೇ ಪ್ರಾಚೀನನನ್ನಾಗಿ ಮಾಡಿಕೊಂಡಲ್ಲದೆ ತನ್ನ ಮಾತು ಕೇಳಿಸದೆಂದು ಅವನು ಲೆಕ್ಕ ಹಾಕಿದನು. ಲೆಕ್ಕ ಸರಿಯಾಗಿತ್ತು. ಆ ಮರೆವಣೆಯು ಓದುವ ಸಮಾಜದ ಮೇಲೆ ಹೊರಿಸಿದ ಆರೋಪ. ಆರೋಪಕ್ಕೆ ಗುರಿಯಾದವರೇ ಅದನ್ನು ಕವಿಯ ಸದ್ಗುಣವೆಂದು ಬಣ್ಣಿಸುವುದು ಎಲ್ಲಿಯ ನ್ಯಾಯ?

ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿಯೂ ಇಂಥವನೊಬ್ಬನಿದ್ದನು. 1752ರಲ್ಲಿ ಹುಟ್ಟಿದ ಥಾಮಸ್ ಚಾಟರ್‌ಟನ್ ಎಂಬ ಬಾಲಕನು ತಾನು ಬರೆದ ಪದ್ಯಗಳನ್ನು ಹದಿನೈದನೆಯ ಶತಮಾನದ ಥಾಮಸ್ ರೌಲಿ ಎಂಬ ಪಾದ್ರಿಯ ಕೃತಿಗಳೆಂದು ಹೇಳಿ ಹೊರಗೆ ಬಿಟ್ಟನು. ರೌಲಿಯೆಂಬವನು ಅವನ ಕಲ್ಪನೆಯ ಕೂಸು. ಹೊರೇಸ್ ವಾಲ್ಪೋಲನಂಥ ಶ್ರೀಮಂತ ರಸಿಕನು ಮೊದಲು ಮೆಚ್ಚಿ, ಸಂಶಯ ಬಂದೊಡನೆ ಮುಖ ತಿರುಗಿಸಿದನು. 1770ರಲ್ಲಿ ಲಂಡನಿನ ಅಟ್ಟದ ಕೋಣೆಯೊಂದರಲ್ಲಿ ಹುಡುಗನು ವಿಷದಿಂದ ಸತ್ತಾಗ ಅವನಿಗಿನ್ನೂ ಹದಿನೆಂಟು ತುಂಬಿರಲಿಲ್ಲ. ಅನಂತರ ಏನಾಯಿತು? ಕವಿಗಳು ಅವನಿಗಾಗಿ ಕಣ್ಣೀರು ಸುರಿಸಿದರು. 1818ರಲ್ಲಿ ಕೀಟ್ಸನು ತನ್ನ ದೊಡ್ಡ ಕಾವ್ಯವೊಂದನ್ನು ಅವನ ನೆನಪಿಗೆ ಅರ್ಪಿಸಿದನು. 1856ರಲ್ಲಿ ಹೆನ್ರಿ ವಾಲಿಸನು ಮಂಚದ ಮೇಲೆ ಸತ್ತು ಬಿದ್ದ ಚಾಟರ್‌ಟನ್ನನ ಚಿತ್ರ ಬರೆದನು. ಬಹು ಸುಂದರವಾದ ಚಿತ್ರ. ಆ ಚಿತ್ರದ ಮುಂದೆ ನಿಂತವರೆಷ್ಟೋ ಮಂದಿ. ಆ ಪದ್ಯಗಳನ್ನು ಓದಿದವರೆಷ್ಟು? ಆ ಚಿತ್ರದಲ್ಲಿ ಕಾಣುವ ಮುಖವಾದರೂ ಅವನದಲ್ಲ. ಜಾರ್ಜ್ ಮೆರೆಡಿತ್ ಎಂಬ ಬೇರೊಬ್ಬ ಲೇಖಕನು ಚಿತ್ರಕಾರನಿಗಾಗಿ ಮಲಗಿದ್ದನು. ಅಭಿಮಾನಕ್ಕೆ ಮುಖ ಬೇಕು. ಸಿಕ್ಕದಿದ್ದರೆ ಎರವಲು ತಂದಾದರೂ ಅದು ಪೂಜಿಸುತ್ತದೆ.

‘ಅಯ್ಯೋ, ಮುದ್ದಣನು ಇನ್ನೂ ಇಪ್ಪತ್ತು ವರ್ಷ ಬದುಕಿದ್ದರೆ ಏನೇನು ಬರೆಯುತ್ತಿದ್ದನೋ!’ ಎಂಬ ಉದ್ಗಾರವನ್ನು ಸಾಹಿತ್ಯಸಭೆಗಳಲ್ಲಿ ಕೇಳದವರಿಲ್ಲ. ಈ ಉದ್ಗಾರದಲ್ಲಿ ಶೋಕಕ್ಕಿಂತ ಸೋಮಾರಿತನವೇ ಹೆಚ್ಚು. ಬರೆಯದೆ ಹೋದ ಗ್ರಂಥಗಳಿಗಾಗಿ ಮರುಗುವುದು ಸುಲಭ, ಅವುಗಳನ್ನು ಓದಬೇಕಾಗಿಲ್ಲವಷ್ಟೆ. ಬರೆದಿಟ್ಟ ‘ರಾಮಾಶ್ವಮೇಧ’ವನ್ನು ಆದ್ಯಂತ ಓದಿದವರು ಆ ಸಭೆಯಲ್ಲಿ ಎಷ್ಟು ಮಂದಿ ಇದ್ದಾರು? ಪಠ್ಯಪುಸ್ತಕದಲ್ಲಿ ಬಂದ ನಾಲ್ಕು ಪುಟಗಳ ಸಲ್ಲಾಪವೇ ಇಡಿಯ ಗ್ರಂಥವೆಂದು ನಂಬಿದವರು ವಿದ್ಯಾವಂತರ ಮನೆಗಳಲ್ಲಿಯೂ ಇದ್ದಾರೆ. ಪದ್ಮಪುರಾಣದ ಕಥೆಯನ್ನು ಹಿಡಿದು, ಯಜ್ಞದ ಕುದುರೆಯ ಹಿಂದೆ ದೇಶದೇಶಗಳನ್ನು ಸುತ್ತಿ, ಲವಕುಶರವರೆಗೆ ಸಾಗುವ ಆ ದೀರ್ಘ ಗದ್ಯದ ನಡಿಗೆ ಅವರ ಕಿವಿಗೆ ಬಿದ್ದೇ ಇಲ್ಲ.

ಆ ಸಲ್ಲಾಪವನ್ನಾದರೂ ಗಮನವಿಟ್ಟು ಓದಿದ್ದರೆ ಅಭಿಮಾನಿಯೆಂದರೆ ಹೇಗಿರಬೇಕೆಂಬುದಕ್ಕೆ ಉತ್ತರ ಅಲ್ಲಿಯೇ ದೊರೆಯುತ್ತಿತ್ತು. ಮಳೆಗಾಲ. ಕವಿ ಅರಮನೆಯಿಂದ ಮನೆಗೆ ಬರುತ್ತಾನೆ. (ಶಾಲೆಯ ಮೈದಾನದಿಂದ ದಣಿದು ಬರುತ್ತಿದ್ದವನು ತನಗೊಂದು ಅರಮನೆಯನ್ನು ಕಲ್ಪಿಸಿಕೊಂಡದ್ದನ್ನು ವಾಚಕರು ಗಮನಿಸಬೇಕು.) ಹೆಂಡತಿ ಮನೋರಮೆಯು ಒಂದು ಕಥೆ ಹೇಳೆಂದು ಕೇಳುತ್ತಾಳೆ. ಕೇಳಿ ಸುಮ್ಮನೆ ಕೂರುವವಳಲ್ಲ. ಯಾವ ಕಥೆಯೆಂದು ಆರಿಸುತ್ತಾಳೆ. ಪದ್ಯ ಬೇಡ, ಗದ್ಯದಲ್ಲಿ ಹೇಳೆನ್ನುತ್ತಾಳೆ. ಕವಿಯು ಸಂಸ್ಕೃತದ ಭಾರವನ್ನು ಹೇರತೊಡಗಿದರೆ ತಡೆಯುತ್ತಾಳೆ, ತಿಳಿಯದ ಮಾತಿಗೆ ಅರ್ಥ ಕೇಳುತ್ತಾಳೆ, ಹಾಸ್ಯ ಮಾಡುತ್ತಾಳೆ, ಮುನಿಯುತ್ತಾಳೆ. ಕಥೆ ಹೇಳಿದರೆ ಮೆಚ್ಚುಗೆಯೇನೆಂದು ಕವಿ ಕೇಳಿದಾಗ ಅವಳು ಶಾಲು ತರುವುದಕ್ಕೆ ಒಳಗೆ ಓಡುವುದಿಲ್ಲ. ಅವಳು ಕೊಡುವುದು ತನ್ನ ಕಿವಿಯನ್ನೂ ತನ್ನ ಬುದ್ಧಿಯನ್ನೂ. ಕವಿಯನ್ನು ಹಾಗೆ ತಡೆದು ತಡೆದು ಕೇಳಿದ್ದರಿಂದಲೇ ಆ ಗದ್ಯಕ್ಕೆ ಆ ಜೀವ ಬಂದಿತು. ತನಗೆ ಹೊರಗೆ ದೊರೆಯದ ಕೇಳುಗರನ್ನು ಕವಿಯು ಗ್ರಂಥದ ಒಳಗೇ ಸೃಷ್ಟಿಸಿಕೊಂಡನು. ಕನ್ನಡದಲ್ಲಿ ಇದಕ್ಕಿಂತ ಏಕಾಂತವಾದ ದೃಶ್ಯ ಮತ್ತೊಂದಿರಲಾರದು. ಅದನ್ನು ಗಂಡಹೆಂಡಿರ ಚೇಷ್ಟೆಯೆಂದಷ್ಟೇ ತಿಳಿದು ನಗುವವರು ನಗಲಿ.

ಒಂದು ಶತಮಾನ ಮುಂದೆ ಬರೋಣವಾಗಲಿ. ಗುಂಡ್ಮಿ ಕಾಳಿಂಗ ನಾವಡರು 1990ರ ಮೇ ತಿಂಗಳಿನಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡಾಗ ಅವರ ವಯಸ್ಸೂ ಮುದ್ದಣನ ವಯಸ್ಸಿನ ಆಸುಪಾಸಿನದೇ. ಸಾಲಿಗ್ರಾಮ ಮೇಳದ ಆ ಭಾಗವತರ ದನಿಗೆ ಡೇರೆಗಳು ತುಂಬಿ ತುಳುಕುತ್ತಿದ್ದವೆಂಬುದು ಬಡಗುತಿಟ್ಟಿನ ನಾಡಿನಲ್ಲಿ ಮನೆಮಾತು. ಅವರನ್ನು ಕಳೆದುಕೊಂಡ ದುಃಖವು ಇಂದಿಗೂ ಆರಿಲ್ಲ. ಆ ದುಃಖ ಸಾಚಾ. ಅಭಿಮಾನಿಗಳ ಪರವಾಗಿ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ರಾತ್ರಿಯೆಲ್ಲ ರಂಗಸ್ಥಳದ ಬದಿಯಲ್ಲಿ ಟೇಪ್ ರೆಕಾರ್ಡರನ್ನು ಹಿಡಿದು ಕುಳಿತು, ಕ್ಯಾಸೆಟ್ಟುಗಳನ್ನು ಮನೆಯ ಕಪಾಟಿನಲ್ಲಿ ಬಂಗಾರದಂತೆ ಕಾಪಾಡಿದವರು ಅವರೇ. ಯಾವ ಅಕಾಡೆಮಿಯೂ ಯಾವ ವಿಶ್ವವಿದ್ಯಾಲಯವೂ ಅದನ್ನು ಆ ಹೊತ್ತಿಗೆ ಮಾಡಲಿಲ್ಲ. ಇಂದಿನ ಹುಡುಗರು ಮೊಬೈಲಿನಲ್ಲಿ ಆ ದನಿಯನ್ನು ಕೇಳುತ್ತಿದ್ದರೆ ಅದು ಆ ಹಳ್ಳಿಯ ಅಭಿಮಾನಿಗಳ ಪುಣ್ಯ.

ಅಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ‘ನಾಗಶ್ರೀ’ ಎಂಬ ಪ್ರಸಂಗವನ್ನು ರಚಿಸಿದವರು ಇದೇ ನಾವಡರು. ಅವರು ಹಾಡುಗಾರರಷ್ಟೇ ಅಲ್ಲ, ಕವಿಯೂ ಹೌದು. ಅಭಿಮಾನಿಗಳ ಸ್ಮರಣೆಯಲ್ಲಿ ಆ ಕಂಠಕ್ಕೆ ಸಿಂಹಾಸನವಿದೆ, ಆ ಲೇಖನಿಗೆ ಮಣೆಯಿಲ್ಲ. ಅವರಂತೆ ರಾಗವನ್ನು ಎಳೆಯುವ, ಅವರಂತೆ ತಲೆಯಾಡಿಸುವ ಅನುಕರಣಕಾರರಿಗೆ ಚಪ್ಪಾಳೆ ಬೀಳುತ್ತದೆ. ಆ ಪದ್ಯಗಳ ಬಂಧ ಹೇಗಿದೆ, ಛಂದಸ್ಸು ಎಲ್ಲಿ ಗಟ್ಟಿ, ಎಲ್ಲಿ ಸಡಿಲ, ರಂಗದ ಮೇಲೆ ನಿಂತು ಹಾಡಬಲ್ಲವನು ಬರೆದ ಪದ್ಯಕ್ಕೂ ಕೋಣೆಯಲ್ಲಿ ಕುಳಿತು ಬರೆದ ಪದ್ಯಕ್ಕೂ ಏನು ವ್ಯತ್ಯಾಸ ಎಂಬ ಚರ್ಚೆ ಮಾಡುವವರು ಬೆರಳೆಣಿಕೆಯ ಮಂದಿ. ನಾವಡರು ಬದುಕಿದ್ದಿದ್ದರೆ ತಮ್ಮ ಅನುಕರಣಕಾರರಿಗೆ ಏನು ಹೇಳುತ್ತಿದ್ದರೋ. ಮಾಡಿದ್ದನ್ನೇ ಮಾಡುವ ಮನೋಧರ್ಮ ಅವರದಾಗಿರಲಿಲ್ಲವೆಂಬುದಕ್ಕೆ ಅವರ ಹಾಡುಗಾರಿಕೆಯೇ ಸಾಕ್ಷಿ.

ಅದೇ 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ಶಂಕರನಾಗ್ ಅವರೂ ರಸ್ತೆಯಲ್ಲಿಯೇ ಹೋದರು. ಮೂವತ್ತಾರೂ ತುಂಬಿರಲಿಲ್ಲ. ‘ಆಟೋ ರಾಜ’ ಎಂಬ ಒಂದು ಚಿತ್ರದ ಬಲದಿಂದ ಕರ್ಣಾಟಕದ ಆಟೋರಿಕ್ಷಾಗಳ ಬೆನ್ನಿನ ಮೇಲೆಲ್ಲ ಅವರ ಮುಖವಿದೆ. ನಿಲ್ದಾಣಗಳಿಗೆ ಅವರ ಹೆಸರಿದೆ. ಶ್ರಮಜೀವಿಗಳು ತಮ್ಮವನೆಂದು ತಿಳಿದು ಇಟ್ಟುಕೊಂಡ ಆ ಪ್ರೀತಿಯನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಕಾರ್ಕಳದಿಂದ ಹೆಬ್ರಿಯ ಮೇಲೆ ಘಟ್ಟ ಹತ್ತಿದರೆ ಆಗುಂಬೆ. ಅಲ್ಲಿಯ ದೊಡ್ಡಮನೆಯ ಜಗಲಿಯಲ್ಲಿ ಅವರು ಆರ್. ಕೆ. ನಾರಾಯಣರ ಮಾಲ್ಗುಡಿಯನ್ನು ಕಟ್ಟಿ ದೂರದರ್ಶನಕ್ಕಾಗಿ ಚಿತ್ರಿಸಿದರು. ರಜೆಯ ದಿನಗಳಲ್ಲಿ ಕಾರುಗಳು ಬರುತ್ತವೆ. ವಿದ್ಯಾವಂತ ಕುಟುಂಬಗಳು ಇಳಿದು ಜಗಲಿಯ ಕಂಬಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುತ್ತವೆ. ಆ ಕಥೆಗಳ ಪುಸ್ತಕವನ್ನು ಮಕ್ಕಳ ಕೈಗೆ ಕೊಟ್ಟು ಬಂದ ಕುಟುಂಬಗಳೆಷ್ಟು? ಇಲ್ಲಿಯೂ ಅದೇ ರೋಗ. ಕಂಬವನ್ನು ಮುಟ್ಟಿದರೆ ಸಾಕು, ಕಥೆಯನ್ನು ಮುಟ್ಟಬೇಕಾಗಿಲ್ಲ.

ಡಾ. ರಾಜಕುಮಾರ್ ಅವರು ಅಭಿಮಾನಿಗಳನ್ನು ದೇವರೆಂದು ಕರೆದರು. ಅದು ಅವರ ದೊಡ್ಡತನ. ಆದರೆ ಆ ಮಾತನ್ನು ಅಭಿಮಾನಿಯು ಅಕ್ಷರಶಃ ನಂಬಿಬಿಟ್ಟನೇನೋ. ದೇವರಾದವನು ಸ್ವೀಕರಿಸುತ್ತಾನೆ, ಅಲಂಕಾರ ಮಾಡಿಸಿಕೊಳ್ಳುತ್ತಾನೆ, ಮುನಿದರೆ ಊರಿಗೆ ಕೇಡು. ಓದುವುದು ಬರೆಯುವುದು ದೇವರ ಕೆಲಸವಲ್ಲ. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬೆಂಗಳೂರಿನ ಬೀದಿಗಳಲ್ಲಿ ಶೋಕವು ಬೆಂಕಿಯಾಯಿತು. ಮನುಷ್ಯರ ಪ್ರಾಣಗಳೂ ಹೋದವು. ಜೀವಮಾನವೆಲ್ಲ ಸಂಯಮವನ್ನು ಅಭಿನಯಿಸಿದವರಿಗೆ ಸಂದ ಶ್ರಾದ್ಧ ಅದು. ಅವರ ಕಿರಿಯ ಮಗ ಪುನೀತ್ 2021ರ ಅಕ್ಟೋಬರ್ 29ರಂದು ಅಕಾಲದಲ್ಲಿ ಹೋದಾಗ ನಡೆದದ್ದೇ ಬೇರೆ. ತಂದೆಯಂತೆ ಮಗನ ಕಣ್ಣುಗಳೂ ದಾನವಾದುದನ್ನು ಕೇಳಿ ಸಾವಿರಾರು ಮಂದಿ ತಮ್ಮ ಕಣ್ಣುಗಳನ್ನು ಬರೆದುಕೊಟ್ಟರು. ಶೋಕಕ್ಕೆ ಒಂದು ಕೆಲಸ ದೊರೆತರೆ ಅದು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಸಾಹಿತ್ಯದ ಅಭಿಮಾನಿಗೂ ರಂಗದ ಅಭಿಮಾನಿಗೂ ಅಂಥ ಕೆಲಸವೊಂದು ಕಣ್ಣ ಮುಂದೆಯೇ ಇದೆ. ಅವನು ಅದನ್ನು ಕೈಗೆತ್ತಿಕೊಳ್ಳುತ್ತಿಲ್ಲ ಎಂಬುದೇ ದೂರು.

ಇಲ್ಲಿ ಕೆಲವು ವಿದ್ವಾಂಸರು ಅಡ್ಡ ಬರುತ್ತಾರೆ. ಯಕ್ಷಗಾನವು ಸಮುದಾಯದ ಸೊತ್ತು. ಪದ್ಯವು ಒಂದು ನೆಪ. ಅರ್ಥಧಾರಿಯ ಮಾತು, ಭಾಗವತನ ರಾಗ, ಚೆಂಡೆಮದ್ದಳೆಗಳ ಲಯ ಎಲ್ಲ ಸೇರಿ ಆಟವಾಗುತ್ತದೆ. ಅದರಲ್ಲಿ ಕವಿಯೊಬ್ಬನನ್ನೇ ಎತ್ತಿ ತೋರಿಸುವುದು ಪಾಶ್ಚಾತ್ಯರ ರೀತಿ, ಈ ನೆಲದ್ದಲ್ಲ ಎಂದು ಅವರ ವಾದ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಒಂದು ಪದ್ಯದ ಮೇಲೆ ಗಂಟೆಗಟ್ಟಲೆ ಅರ್ಥ ಹೇಳುತ್ತಿದ್ದುದನ್ನು ಕೇಳಿದವರಿಗೆ ಈ ವಾದದಲ್ಲಿ ತಿರುಳಿಲ್ಲವೆಂದು ತೋರದು. ಆದರೆ ಗಂಟೆಗಟ್ಟಲೆ ಅರ್ಥ ಹೇಳುವುದಕ್ಕೆ ಪದ್ಯದಲ್ಲಿ ಅಷ್ಟು ಅರ್ಥವಿರಬೇಕಲ್ಲ! ಮೇಲಾಗಿ, ಹೆಸರಿಡುವುದು ಈ ನೆಲದ ಪದ್ಧತಿಯಲ್ಲವೆಂಬುದು ಶುದ್ಧ ಸುಳ್ಳು. ಪ್ರಸಂಗಕವಿಗಳು ತಮ್ಮ ಊರ ದೇವರ ಅಂಕಿತದಿಂದ ತಮ್ಮ ಕೃತಿಗೆ ಮೊಹರು ಹಾಕುತ್ತಿದ್ದರು. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳಲ್ಲಿ ಕಣಿಪುರದ ಕೃಷ್ಣನ ಅಂಕಿತವಿದೆ. ಸ್ತುತಿಪದ್ಯಗಳಲ್ಲಿ, ಮಂಗಳಪದ್ಯಗಳಲ್ಲಿ ಆ ಗುರುತು ಹೆಚ್ಚು. ಆಟವನ್ನು ಕಿರಿದು ಮಾಡುವಾಗ ಮೊದಲು ಕತ್ತರಿ ಬೀಳುವುದೂ ಅಂಥ ಪದ್ಯಗಳಿಗೇ.

ಹೆಸರನ್ನು ಅಲಕ್ಷಿಸಿದುದರ ಫಲವೇನೆಂದು ಪಾರ್ತಿಸುಬ್ಬನ ಕಥೆಯಿಂದಲೇ ಕಲಿಯಬಹುದು. ಮುಳಿಯ ತಿಮ್ಮಪ್ಪಯ್ಯನವರು ಅವನ ಮೇಲೆ ಗ್ರಂಥವನ್ನೇ ಬರೆದು ಅವನು ರಾಮಾಯಣದ ಪ್ರಸಂಗಗಳ ಕರ್ತೃವೆಂದು ಸಾಧಿಸಿದರು. ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆ ಪಡೆದ ಕೋಟ ಶಿವರಾಮ ಕಾರಂತರು ಆ ಕರ್ತೃತ್ವವನ್ನೇ ಪ್ರಶ್ನಿಸಿದರು. ಕುಕ್ಕಿಲ ಕೃಷ್ಣ ಭಟ್ಟರು ಸುಬ್ಬನ ಪಕ್ಷವನ್ನು ಹಿಡಿದು ನಿಂತರು. ಇಂಥ ಮೂವರು ಸಮರ್ಥರ ಶ್ರಮದಲ್ಲಿ ಎಷ್ಟೋ ಭಾಗ ‘ಇದನ್ನು ಬರೆದವನು ಯಾರು’ ಎಂಬ ಒಂದೇ ಪ್ರಶ್ನೆಗೆ ವ್ಯಯವಾಯಿತು. ಪ್ರತಿಯೊಂದು ಊರಿನ ಆಟದಲ್ಲಿಯೂ ಭಾಗವತರು ಕವಿಯ ಹೆಸರನ್ನು ಒಮ್ಮೆ ಹೇಳುತ್ತ ಬಂದಿದ್ದರೆ ಆ ಶ್ರಮವನ್ನು ಕಾವ್ಯದ ಗುಣದೋಷಗಳ ವಿಚಾರಕ್ಕೆ ತೊಡಗಿಸಬಹುದಾಗಿತ್ತು. ಪಾರ್ತಿಸುಬ್ಬನಾದರೂ ಶತಮಾನಗಳ ಹಿಂದಿನವನು. ಮೊನ್ನೆ ಮೊನ್ನೆ ಇದ್ದವರ ಗತಿಯೇನು? ನೂರಾರು ಪ್ರಸಂಗಗಳನ್ನು ರಚಿಸಿದ ಹೊಸ್ತೋಟ ಮಂಜುನಾಥ ಭಾಗವತರು 2020ರಲ್ಲಿ ಹೋದರು. ತೆಂಕುತಿಟ್ಟಿನ ಹಾಡುಗಾರಿಕೆಗೆ ಹೆಸರಾದ, ಪ್ರಸಂಗಗಳನ್ನೂ ಬರೆದ ಬಲಿಪ ನಾರಾಯಣ ಭಾಗವತರು 2023ರಲ್ಲಿ ಹೋದರು. ‘ಅಮರೇಂದ್ರ ಪದವಿಜಯ’ವನ್ನು ಬರೆದ ಅಮೃತ ಸೋಮೇಶ್ವರರು 2024ರಲ್ಲಿ ಹೋದರು. ಪತ್ರಿಕೆಗಳಲ್ಲಿ ಶ್ರದ್ಧಾಂಜಲಿಗಳು ಬಂದವು, ನುಡಿನಮನದ ಸಭೆಗಳು ನಡೆದವು. ಅವರ ಪ್ರಸಂಗಗಳ ಅಚ್ಚಿನ ಪ್ರತಿ ತಮ್ಮ ಮನೆಯಲ್ಲಿದೆಯೆಂದು ಹೇಳಬಲ್ಲವರು ಆ ಸಭೆಗಳಲ್ಲಿ ಎದ್ದು ನಿಲ್ಲಬೇಕೆಂದಿದ್ದರೆ ಎಷ್ಟು ಮಂದಿ ಎದ್ದಾರು?

ಪುಸ್ತಕವು ಸಿಕ್ಕುವುದಿಲ್ಲವೆಂಬ ನೆವವನ್ನು ಹೇಳುವವರಿದ್ದಾರೆ. ಕೇಳುವವರಿಲ್ಲದ ಪುಸ್ತಕವನ್ನು ಯಾವ ಪ್ರಕಾಶಕನು ಮತ್ತೆ ಮತ್ತೆ ಅಚ್ಚು ಹಾಕಿಯಾನು? ಒಂದು ಸನ್ಮಾನದ ಶಾಲು, ಹಾರ, ಹಣ್ಣು, ಫಲಕ, ರಸ್ತೆಬದಿಯ ಪಟ ಇವುಗಳ ವೆಚ್ಚವನ್ನು ಕೂಡಿಸಿದರೆ ಒಂದು ಪ್ರಸಂಗದ ಪುಸ್ತಕವನ್ನು ಊರ ಶಾಲೆಗಳಿಗೆಲ್ಲ ಹಂಚಬಹುದು. ಸನ್ಮಾನ ಪಡೆಯುವ ಕಲಾವಿದನಿಗೂ ಅದರಲ್ಲಿ ನಷ್ಟವಿಲ್ಲ. ಅವನಿಗೆ ಬೇಕಾದ ಹಣವನ್ನು ಲಕೋಟೆಯಲ್ಲಿಟ್ಟು ಚೌಕಿಯಲ್ಲಿ ಕೊಟ್ಟರೆ ಅವನ ಮರ್ಯಾದೆಯೂ ಉಳಿಯುತ್ತದೆ, ಪಾತ್ರದ ಮರ್ಯಾದೆಯೂ ಉಳಿಯುತ್ತದೆ. ಹೀಗೆ ಕೊಟ್ಟರೆ ದಾನಿಯ ಫೋಟೋ ಬರುವುದಿಲ್ಲವೆಂಬುದೊಂದೇ ಕೊರತೆ.

ನಂದಳಿಕೆಯ ಜನರು ತಮ್ಮ ಕವಿಯನ್ನು ಮರೆತಿಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಊರಿನ ಮಿತ್ರರು ಕೂಡಿ ಅವನ ಸ್ಮಾರಕದ ಕಾರ್ಯವನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದ್ದಾರೆ. ಆಕ್ಷೇಪವಿರುವುದು ಅವರ ಮೇಲಲ್ಲ. ಅವರು ಕಟ್ಟಿದ ಮೇಲೆ ತಮ್ಮ ಪಾಲು ಮುಗಿಯಿತೆಂದು ತಿಳಿದು ಹಾಯಾಗಿರುವ ಜಿಲ್ಲೆಯ ಉಳಿದ ವಿದ್ಯಾವಂತರ ಮೇಲೆ. ನಿಟ್ಟೆಯ ವಿದ್ಯಾಲಯಗಳಿಗೆ ದೇಶದ ನಾನಾ ಕಡೆಗಳಿಂದ ಸಾವಿರಾರು ಮಂದಿ ಯುವಕ ಯುವತಿಯರು ಬರುತ್ತಾರೆ. ಅವರಲ್ಲಿ ಕನ್ನಡ ಬಲ್ಲವರೂ ಕಡಮೆಯಿಲ್ಲ. ಅಲ್ಲಿಗೆ ಹತ್ತಿರದಲ್ಲಿಯೇ, ಅವರಿಗಿಂತ ಹತ್ತು ವರ್ಷಗಳಷ್ಟೇ ಹಿರಿಯನಾಗಿ ಸತ್ತ ಒಬ್ಬನು, ಅವರಂತೆಯೇ ತನ್ನ ಬರೆಹವನ್ನು ಯಾರು ಓದುವರೋ ಎಂದು ಅಂಜಿದ ಒಬ್ಬನು ಹುಟ್ಟಿದ್ದನೆಂದು ಅವರಿಗೆ ಹೇಳತಕ್ಕವರು ಯಾರು? ಅವರ ನಡುವೆ ಇಂದು ಗುಟ್ಟಾಗಿ ಬರೆಯುತ್ತಿರುವವರು ಇರಲೇಬೇಕು. ಅವರೂ ಸುಳ್ಳು ಹೆಸರಿನ ಹಿಂದೆ ಅವಿತುಕೊಂಡಿದ್ದರೆ, ಆಗಲೂ ಅದನ್ನು ವಿನಯವೆಂದೇ ಬಗೆಯುವುದೆ?

ಜನವರಿ 24 ಆಟದ ಕಾಲದ ನಡುವೆಯೇ ಬರುತ್ತದೆ. ಆ ರಾತ್ರಿ ಜಿಲ್ಲೆಯ ಎಷ್ಟೋ ಬಯಲುಗಳಲ್ಲಿ ರಂಗಸ್ಥಳದ ದೀಪ ಬೆಳಗುತ್ತದೆ. ಆ ಒಂದು ರಾತ್ರಿಯಾದರೂ ಕುರ್ಚಿಯನ್ನು ರಂಗಕ್ಕೆ ತಾರದೆ, ಯಾವ ಪ್ರಸಂಗವೇ ಇರಲಿ, ಅದರಲ್ಲಿ ಬಿಟ್ಟುಬಿಡುತ್ತಿರುವ ಪದ್ಯಗಳನ್ನು ಭಾಗವತರು ಹಾಡಲಿ. ಧ್ವನಿವರ್ಧಕವನ್ನು ಹಿಡಿದವರು ಕವಿಯ ಹೆಸರನ್ನೂ ಅವನ ಊರನ್ನೂ ಹೇಳಲಿ. ಹೆಸರು ತಿಳಿಯದಿದ್ದರೆ ಹಿಂದಿನ ದಿನವೇ ಭಾಗವತರನ್ನು ಕೇಳಿಕೊಳ್ಳಬಹುದು. ಅವರಲ್ಲಿ ಪ್ರಸಂಗದ ಪುಸ್ತಕವಿರುತ್ತದೆ, ಮೊದಲ ಪುಟದಲ್ಲಿಯೇ ನೋಡಿದರಾಯಿತು.